ಬೈಟು ಟ್ರೈನಿಂಗು

ಕೆಂಚೇಶನಿಗೆ ಯಾವುದನ್ನೂ ಇಡಿಯಾಗಿ ತೆಗೆದುಕೊಂಡು ರೂಢಿಯಿಲ್ಲ. ಚಹಾ ಕುಡಿದರೆ ಬೈಟು. ಮಿರ್ಚಿ ತಿಂದರೆ ಎದುರಿಗಿದ್ದವರಿಗೆ ಅರ್ಧ ಮುರಿದುಕೊಟ್ಟೇ ತಿನ್ನಬೇಕು. ಪೇಪರ್ ಓದುವುದೂ ಪಕ್ಕದ ಗೊಬ್ಬರದಂಗಡಿ ಓಂಕಾರಪ್ಪನ ಜೊತೆ ಹಾಳೆ ಹಂಚಿಕೊಂಡು. ಹಾಗಂತ ಜಿಪುಣ ಅಂದುಬಿಡಬೇಡಿ, ಪಾಪ. ಒಂದು ಲೋಟವನ್ನು ಒಬ್ಬನೇ ಕುಡಿದರೆ ಅವನಿಗೆ ಏನೋ ಕಳೆದುಕೊಂಡ ಹಾಗಾಗುತ್ತದೆ, ಅಷ್ಟೇ. ನಿಶ್ಚಿತಾರ್ಥವಾದ ಮೇಲೆ ಮಮತಾಳನ್ನು ಮೊದಲ ಸಲ ಹೋಟೆಲಿಗೆ ಕರೆದುಕೊಂಡು ಹೋದಾಗಲೂ ಹೇಳಿದ್ದು ಬೈಟು ಕಾಫಿಯೇ. ಬಸವಾಪಟ್ಟಣದ ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಆಮೇಲೆ ತನ್ನ ಲೋಟದಲ್ಲಿ ಹೆಚ್ಚಿಗೆ ಬಿದ್ದಿದೆಯೆಂದು ಒಂದು ಗುಟುಕನ್ನು ಅವನ ಲೋಟಕ್ಕೆ ಸುರಿದಿದ್ದಳು. ಆ ಒಂದು ಗುಟುಕಿಗೆ ಕೆಂಚೇಶ ಬಿದ್ದುಹೋದ. ಮಗಳು ಐದನೇ ಕ್ಲಾಸಿಗೆ ಬಂದರೂ ಇನ್ನೂ ಎದ್ದಿಲ್ಲ.

ಜಗಳೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನದೊಂದು ಮೊಬೈಲ್ ರೀಚಾರ್ಜ್ ಅಂಗಡಿ ಇತ್ತು. ಹಿಂದೆ ಮನೆ, ಮುಂದೆ ಅಂಗಡಿ, ನಡುವೆ ಒಂದು ಪರದೆ. ಕುರಿ ಮೇಯಿಸುವವರು ಕೂಡ ತಮ್ಮ ಫೋನಿನಲ್ಲೇ ರೀಚಾರ್ಜ್ ಮಾಡಿಕೊಳ್ಳುವುದನ್ನು ಕಲಿತ ಮೇಲೆ ಅಂಗಡಿಗೆ ಬರುವವರೆಲ್ಲ ಚಳ್ಳಕೆರೆ ಬಸ್ಸು ಹೋಯಿತಾ ಎಂದು ಕೇಳುವವರೇ ಆದರು. ಅದೇ ಹೊತ್ತಿಗೆ ದಾವಣಗೆರೆಯ ಒಂದು ಕಾಫಿ ಕಂಪನಿಯವರು ತಾಲ್ಲೂಕಿಗೊಂದು ಅಂಗಡಿಗೆ ಫ್ರಾಂಚೈಸಿ ಕೊಡುತ್ತಾರೆಂಬ ಸುದ್ದಿ ಬಂತು. ಮಮತಾಳ ಎರಡು ಬಳೆಗಳು ಬ್ಯಾಂಕಿಗೆ ಹೋದವು. ಕಳಿಸಿದವಳು ಅವಳೇ. ಖಾಲಿ ಕೈಯನ್ನು ತಿರುಗಿಸಿ ನೋಡಿಕೊಂಡು, ಪಾತ್ರೆ ತೊಳೆಯುವಾಗ ಇನ್ನು ಅಡ್ಡ ಬರುವುದಿಲ್ಲ ಎಂದು ನಕ್ಕಿದ್ದಳು. ಅಂಗಡಿ ನಡೆಯದಿದ್ದರೆ ಆ ಬಳೆ ಹೇಗೆ ಬಿಡಿಸುವುದು ಎಂಬುದೊಂದೇ ಕೆಂಚೇಶನ ಎದೆಯ ಮೇಲಿನ ಕಲ್ಲು.

ಬೋರ್ಡು ಬಂತು, ಮಷೀನು ಬಂತು. ಕಂಪನಿಯಲ್ಲಿ ಟ್ರೈನಿಂಗು ಮುಗಿಸಿ, ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟು ಹಿಡಿದವರು ಒಬ್ಬರಾದರೂ ಇಲ್ಲದಿದ್ದರೆ ಅಂಗಡಿಯ ಬಾಗಿಲು ತೆಗೆಯುವ ಹಾಗಿಲ್ಲ ಎಂಬುದು ಗೊತ್ತಾಗಿದ್ದು ಆಮೇಲೆ. ಫೀಸು ತಲೆಗೆ ಮೂವತ್ತೈದು ಸಾವಿರ, ಜಿಎಸ್‌ಟಿ ಬೇರೆ. ಫೇಲಾದರೆ ಮತ್ತೆ ಮೊದಲಿನಿಂದ ಟ್ರೈನಿಂಗು, ಮತ್ತೆ ಪೂರ್ತಿ ಫೀಸು. ಅಂಗಡಿ ನಡೆಸುವವರು ಇಬ್ಬರು. ಇಬ್ಬರಿಗೂ ಕಟ್ಟಲು ಎಲ್ಲಿಂದ ತರುವುದು? ಕೆಂಚೇಶನ ತಲೆ ಓಡುವುದು ಒಂದೇ ದಾರಿಯಲ್ಲಿ. ಆರು ದಿನದ ಟ್ರೈನಿಂಗನ್ನು ಅವನು ಬೈಟು ಮಾಡಿದ. ಮೊದಲ ಮೂರು ದಿನ ತಾನು, ಉಳಿದ ಮೂರು ದಿನ ಮಮತಾ. ರಾತ್ರಿ ಒಬ್ಬರಿಗೊಬ್ಬರು ಹೇಳಿಕೊಟ್ಟರಾಯಿತು, ಒಂದೇ ಫೀಸಿನಲ್ಲಿ ಇಬ್ಬರೂ ಕಲಿತ ಹಾಗಾಯಿತು ಎಂದು ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ. ನಾಲ್ಕನೇ ದಿನ ಕೆಂಚೇಶನ ಜಾಗದಲ್ಲಿ ಅವನ ಹೆಂಡತಿ ಬಂದು ಕೂತಾಗ ಕಂಪನಿಯವರು, ಮನೆಯವರಿಗೆ ಏನೋ ತೊಂದರೆಯಿರಬೇಕು ಎಂದುಕೊಂಡು ಸುಮ್ಮನಾದರು.

ಮೊದಲ ಮೂರು ದಿನದ ಪಾಠವೆಲ್ಲ ಬೀಜ ಪುಡಿ ಮಾಡುವುದು, ಪುಡಿಯನ್ನು ಅಳತೆಯಾಗಿ ಒತ್ತುವುದು, ಡಿಕಾಕ್ಷನ್ ಇಳಿಸುವುದು. ಕೊನೆಯ ಮೂರು ದಿನದ್ದೆಲ್ಲ ಹಾಲು. ಹಬೆಯಲ್ಲಿ ಹಾಲನ್ನು ನೊರೆಗಟ್ಟಿಸುವುದು, ಅದನ್ನು ಕಪ್ಪಿನೊಳಗೆ ಎಲೆಯ ಹಾಗೆ, ಹೃದಯದ ಹಾಗೆ ಸುರಿಯುವುದು, ಹಬೆ ತಾಗಿದರೆ ಏನು ಮಾಡಬೇಕೆಂಬುದು. ರಾತ್ರಿ ಹೇಳಿಕೊಡುವ ಮಾತು ಮಾತಾಗಿಯೇ ಉಳಿಯಿತು. ಕೆಂಚೇಶ ಅಂಗಡಿಯ ಗೋಡೆಗೆ ಬಣ್ಣ ಹೊಡೆದು ಸುಸ್ತಾಗಿ ಮಲಗಿಬಿಡುತ್ತಿದ್ದ. ಮಮತಾ ಮಾತ್ರ ಬಸ್ಸಿಳಿದು ಬಂದವಳೇ ಅಡುಗೆ ಮನೆಯಲ್ಲಿ ಸೋಪಿನ ನೀರನ್ನು ಚೊಂಬಿನಲ್ಲಿ ನೊರೆ ಮಾಡಿ ಬಟ್ಟಲಿಗೆ ಸುರಿದು ನೋಡುತ್ತಿದ್ದಳು. ಅನ್ನಕ್ಕೆ ಮಜ್ಜಿಗೆ ಬಡಿಸುವಾಗಲೂ ಅವಳ ಮಣಿಕಟ್ಟು ತಾನಾಗಿ ಅಲುಗುತ್ತಿತ್ತು. ಒಂದು ರಾತ್ರಿ ಬಟ್ಟಲಲ್ಲಿ ಪೂರ್ತಿ ಹೃದಯ ಮೂಡಿತೆಂದು ಮಲಗಿದ್ದ ಮಗಳನ್ನು ಎಬ್ಬಿಸಿ ತೋರಿಸಿದ್ದಳು. ಗಂಡನನ್ನೂ ಎಬ್ಬಿಸಿದ್ದಳು, ಅವನು ಮಗ್ಗುಲು ಬದಲಿಸಿದ್ದ.

ಎಲ್ಲ ಸರಿಯಾಗಿತ್ತು. ಮೊನ್ನೆ ಓಂಕಾರಪ್ಪ ಬಂದು ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ. ಓಂಕಾರಪ್ಪ ಗೊಬ್ಬರ ಮಾರುವುದಕ್ಕಿಂತ ಸಲಹೆ ಕೊಡುವುದೇ ಹೆಚ್ಚು. ನಿನ್ನ ಹೆಂಡತೀನೂ ಟ್ರೈನಿಂಗಿಗೆ ಹೋಗಿದ್ದಳಂತಲ್ಲ, ಏನು ಕಲಿತಳು ಎಂದು ಅವನು ಕೇಳಿದ. ಕೆಂಚೇಶ ಹೊಸ ಮಷೀನಿನ ಮೇಲೆ ಕೈಯಿಟ್ಟುಕೊಂಡು ಗತ್ತಿನಲ್ಲಿ ಹೇಳಿದ:

“ಕಾಫಿ ಕಲ್ತಿದ್ದು ನಾನು. ಅವಳದೇನಿದ್ರೂ ಹಾಲು ಕಾಯಿಸೋ ಅರ್ಧ. ಹಾಲು ಕಾಯಿಸಾಕೆ ಬರ್ದಿರೋ ಹೆಂಗಸು ಯಾರದಾರೆ ಓಂಕಾರಣ್ಣ?”

ಪರದೆಯ ಹಿಂದೆ ಒಂದು ಪಾತ್ರೆ ಸ್ವಲ್ಪ ಜೋರಾಗಿಯೇ ಕೆಳಗೆ ಕೂತಿತು. ಅಂದಿನಿಂದ ಮಮತಾ ಮಾತು ಬಿಟ್ಟಳು.

ಕೂಗಾಟವಿಲ್ಲ, ಅಳುವಿಲ್ಲ, ತವರಿಗೆ ಹೋಗುವ ಬೆದರಿಕೆಯಿಲ್ಲ. ರೊಟ್ಟಿ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬೀಳುತ್ತಿತ್ತು, ಪಲ್ಯಕ್ಕೆ ಉಪ್ಪು ಸರಿಯಾಗಿರುತ್ತಿತ್ತು. ಮಾತೊಂದೇ ಇಲ್ಲ. ಇಂಥ ಸಮಯದಲ್ಲಿ ಎಲ್ಲ ಮನೆಗಳಲ್ಲೂ ಮಕ್ಕಳು ಅಪ್ಪನ ಮಾತನ್ನು ಅಮ್ಮನಿಗೆ, ಅಮ್ಮನ ಮಾತನ್ನು ಅಪ್ಪನಿಗೆ ಸಾಗಿಸುತ್ತಾರೆ. ಆದರೆ ಮಗಳು ರಜೆಗೆಂದು ಬಸವಾಪಟ್ಟಣದ ಅಜ್ಜಿ ಮನೆಯಲ್ಲಿದ್ದಳು.

ಇವತ್ತು ಬೆಳಿಗ್ಗೆ ಕಂಪನಿಯಿಂದ ಫೋನು ಬಂತು. ಪರೀಕ್ಷೆ ಮಾಡುವ ಮೇಡಂ ಮಧ್ಯಾಹ್ನ ಜಗಳೂರಿಗೆ ಬರುತ್ತಾರೆ, ಅಂಗಡಿಯಲ್ಲೇ ಕಾಫಿ ಮಾಡಿ ತೋರಿಸಬೇಕು, ಬೀಜದಿಂದ ಹಿಡಿದು ಕಪ್ಪಿನವರೆಗೆ. ಕೆಂಚೇಶನಿಗೆ ಕಾಫಿ ಬರುತ್ತಿದ್ದದ್ದು ಅರ್ಧದವರೆಗೆ ಮಾತ್ರ.

ಹೆಂಡತಿಯ ಎದುರು ನಿಂತು ತಪ್ಪಾಯಿತು ಅಂದಿದ್ದರೆ ಒಂದು ನಿಮಿಷದಲ್ಲಿ ಮುಗಿಯುವ ಕೆಲಸ. ಆದರೆ ಇವನ ನಾಲಿಗೆ ಆ ಒಂದು ಶಬ್ದಕ್ಕೆ ಮಾತ್ರ ತಿರುಗುವುದಿಲ್ಲ. ಎರಡು ಸಲ ಅಡುಗೆ ಮನೆಯ ಬಾಗಿಲಿಗೆ ಹೋಗಿ, ಒಂದು ಸಲ ನೀರು ಕುಡಿದು, ಇನ್ನೊಂದು ಸಲ ಸುಮ್ಮನೆ ಕ್ಯಾಲೆಂಡರ್ ನೋಡಿ ವಾಪಸು ಬಂದ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾರು ಕಾಕಡ ಹೂವು ತಂದು, ಪಕ್ಕದಲ್ಲಿ ಬಟ್ಟೆ ಹೊಲಿಯುವ ಸಾವಂತ್ರಮ್ಮನ ಕೈಗೆ ಕೊಟ್ಟ. ಸಾವಂತ್ರಮ್ಮನ ಕಾಲು ಹೊಲಿಗೆ ಮಷೀನಿನ ಮೇಲಿದ್ದರೂ ಕಿವಿ ಯಾವಾಗಲೂ ಇವರ ಮನೆಯಲ್ಲಿ ಇರುತ್ತದೆ. ಅವಳು ಸಂತೋಷದಿಂದ ಒಳಗೆ ಹೋಗಿ ಅರ್ಧ ಮಾರು ಹೂವಿನೊಂದಿಗೆ ಹೊರಗೆ ಬಂದಳು.

“ಬೈಟು ಮಾಡ್ಯಾಳೆ. ಇದು ನಿಂದಂತೆ, ಮುಡ್ಕೊಳ್ಳಬೇಕಂತೆ,” ಅಂದಳು. ಸಿಟ್ಟಿಗೆ ಕಾರಣವನ್ನೂ ಅವಳೇ ಬಿಡಿಸಿ ಹೇಳಿದಳು. ಮಧ್ಯಾಹ್ನದ ಪರೀಕ್ಷೆಯ ವಿಷಯ ಎತ್ತಿದ್ದಕ್ಕೆ ಮಮತಾ ಕೊಟ್ಟ ಉತ್ತರವನ್ನು ಮಾತ್ರ ಇದ್ದದ್ದು ಇದ್ದ ಹಾಗೆಯೇ ತಲುಪಿಸಿದಳು. “ಹಾಲು ಕಾಯಿಸಾಕೆ ಯಾರಿಗೆ ಬರಲ್ಲ ಅಂತ ಅವರೇ ಅಂದಾರೆ. ಅವರೇ ಕಾಯಿಸ್ಕೊಳ್ಳಲಿ ಅನ್ರಿ, ಅಂದ್ಳು.”

ಸರಿ, ಕಾಯಿಸಿಯೇ ಬಿಡುತ್ತೇನೆ ಎಂದು ಕೆಂಚೇಶನಿಗೂ ಹಟ ಬಂತು. ಜಗ್ಗಿಗೆ ಹಾಲು ಸುರಿದು, ಹಬೆಯ ಕೊಳವೆಯನ್ನು ಅದರೊಳಗೆ ಅದ್ದಿ ಗುಂಡಿ ತಿರುಗಿಸಿದ. ಮಷೀನು ಒಂದು ಸಲ ಕೆಮ್ಮಿ, ಆಮೇಲೆ ಬಾಣಂತಿ ಮನೆಯ ಕೂಸಿನ ಹಾಗೆ ಕಿರುಚತೊಡಗಿತು. ಗಾಬರಿಯಲ್ಲಿ ಜಗ್ಗನ್ನು ಕೆಳಗಿಳಿಸಿದ. ಹಾಲು ಜಗ್ಗು ಬಿಟ್ಟು ಎದ್ದು, ಹೊಸ ಬಣ್ಣದ ಗೋಡೆಗೆ, ಫ್ಯಾನಿಗೆ, ಏನಾಯಿತೆಂದು ನೋಡಲು ಬಂದ ಓಂಕಾರಪ್ಪನ ಇಸ್ತ್ರಿ ಅಂಗಿಗೆ ಸಮನಾಗಿ ಹಂಚಿಹೋಯಿತು. ಮತ್ತೊಂದು ಪ್ಯಾಕೆಟ್ಟು ಒಡೆದ. ಈ ಸಲ ನೊರೆ ಬಂತು, ಆದರೆ ಬಟ್ಟೆ ಒಗೆಯುವ ಬಕೆಟ್ಟಿನಲ್ಲಿ ಬರುವಂಥದ್ದು. ಮೂರನೆಯ ಪ್ಯಾಕೆಟ್ಟಿನ ಹೊತ್ತಿಗೆ ಗೊಬ್ಬರ ಕೊಳ್ಳಲು ಬಂದವರೆಲ್ಲ ಈ ಕಡೆ ಬಂದು ನಿಂತಿದ್ದರು. ಇದು ಕಾಫಿ ಅಂಗಡಿಯೋ ಡೇರಿಯೋ ಎಂದು ಒಬ್ಬ ಕೇಳಿದ. ಪರದೆಯ ಹಿಂದೆ ಯಾರೋ ನಗು ತಡೆದುಕೊಂಡ ಹಾಗಾಯಿತು. ಕೆಂಚೇಶನಿಗೆ ಆ ಸದ್ದು ಕೇಳಿ ಆ ಗಲಿಬಿಲಿಯಲ್ಲೂ ಒಂದು ಗಳಿಗೆ ಹಿತವೆನಿಸಿತು.

ಓಂಕಾರಪ್ಪ ಅಂಗಿ ಒರೆಸಿಕೊಳ್ಳುತ್ತಲೇ ಉಪಾಯ ಹೇಳಿದ. ಬಲಗೈಗೆ ಬ್ಯಾಂಡೇಜು ಸುತ್ತಿಕೊ. ಹಬೆಗೆ ಕೈ ಸುಟ್ಟಿತು ಅನ್ನು. ಗಾಯ ಆದವನಿಗೆ ಹಾಲು ಕಾಯಿಸು ಅನ್ನೋ ಕಲ್ಲು ಮನಸ್ಸಿನ ಮೇಡಂ ಯಾರೂ ಇರಲ್ಲ. ಡಿಕಾಕ್ಷನ್ನನ್ನು ಎಡಗೈಯಲ್ಲಿ ಇಳಿಸಿ ತೋರಿಸು, ಅರ್ಧಕ್ಕೇ ಪಾಸು ಮಾಡ್ತಾರೆ. ಕೆಂಚೇಶನಿಗೆ ಅರ್ಧ ಎಂಬ ಮಾತು ಕೇಳಿದೊಡನೆ ಉಪಾಯದ ಮೇಲೆ ನಂಬಿಕೆ ಬಂತು. ಸಾವಂತ್ರಮ್ಮನ ಹತ್ತಿರ ಬಿಳಿ ಲೈನಿಂಗ್ ಬಟ್ಟೆ ಈಸಿಕೊಂಡರು. ಯಾತಕ್ಕೆಂದು ಅವಳಿಗೆ ಹೇಳಲಿಲ್ಲ. ಓಂಕಾರಪ್ಪ ಗೊಬ್ಬರದ ಚೀಲ ಕಟ್ಟಿ ಪಳಗಿದ ಕೈಯಲ್ಲಿ ಬ್ಯಾಂಡೇಜು ಕಟ್ಟಿದ. ನೋಡಿದರೆ ಕೈಯಲ್ಲ, ಒಂದು ಸಣ್ಣ ಮೂಟೆ.

ಮೂಟೆಗೆ ಕೊನೆಯ ಗಂಟು ಬೀಳುವುದಕ್ಕೂ ಮೇಡಂ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಅವರ ಹೆಸರು ಉಷಾರಾಣಿ. ವಯಸ್ಸು ಹೆಚ್ಚಿಲ್ಲ, ಮಾತು ಅದಕ್ಕಿಂತ ಕಡಿಮೆ. ಗೋಡೆಯ ಹಾಲನ್ನೂ ಕೆಂಚೇಶನ ಕೈಯನ್ನೂ ನೋಡಿ, ಏನಾಯಿತು ಎಂದರು. ಹಬೆ ತಾಗಿತು, ಸ್ವಲ್ಪ ಜಾಸ್ತಿನೇ ಸುಟ್ಟಿದೆ ಎಂದು ಇವನು ನರಳಿದ. ಮೇಡಂ ಪಾಪ ಅಂದರು. ಆಮೇಲೆ, ಹಾಗಿದ್ದರೆ ಪರೀಕ್ಷೆ ಇವತ್ತು ಬೇಡ, ಬರುವ ತಿಂಗಳ ಬ್ಯಾಚಿಗೆ ಹೊಸದಾಗಿ ಸೇರಿಕೊಳ್ಳಿ ಎಂದರು. ಫೀಸು? ಹೊಸದಾಗಿಯೇ. ಕೆಂಚೇಶ ಓಂಕಾರಪ್ಪನ ಮುಖ ನೋಡಿದ. ಓಂಕಾರಪ್ಪ ಬೀದಿಯ ಆ ಕಡೆ ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಇತ್ತ ಸಾವಂತ್ರಮ್ಮ ತನ್ನ ಲೈನಿಂಗ್ ಬಟ್ಟೆ ಎಲ್ಲಿಗೆ ಹೋಯಿತೆಂದು ಇಣುಕಿದವಳು, ಮೂಟೆ ಕಂಡಿದ್ದೇ ತಡ, ಹಿತ್ತಲ ಬಾಗಿಲಿಂದ ಮಮತಾಳ ಹತ್ತಿರ ಓಡಿದ್ದಳು. ಪರದೆ ಸರ್ರನೆ ಸರಿಯಿತು. ಮೊಣಕೈಯವರೆಗೆ ಜೋಳದ ಹಿಟ್ಟು ಮೆತ್ತಿಕೊಂಡ ಮಮತಾ, ಮೇಡಂ ಇದ್ದಾರೆ, ಊರಿನವರು ನಿಂತಿದ್ದಾರೆ, ತಾನು ಮಾತು ಬಿಟ್ಟಿದ್ದೇನೆ ಎಂಬುದು ಒಂದೂ ನೆನಪಿಲ್ಲದವಳಂತೆ ಬಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಏನ್ ಮಾಡ್ಕೊಂಡ್ರಿ ಇದು? ಒಂದ್ ಮಾತು ಕರೀಬಾರದೇನ್ರೀ ನನ್ನ? ಹಾಲಿನ ಕೆಲಸ ನಿಮಗೆ ಬರಲ್ಲ ಅಂತ ನಂಗೊತ್ತಿಲ್ವಾ? ನಾನೇ ಪಾಪಿ. ಎರಡ್ ದಿನದಿಂದ ಬಾಯಿ ಹೊಲ್ಕೊಂಡು ಕುಂತಿದ್ದೆ.”

ಎರಡು ದಿನದಿಂದ ಕೇಳಬೇಕೆಂದು ಹಂಬಲಿಸಿದ ದನಿ. ಕೆಂಚೇಶನ ಕಣ್ಣು ತುಂಬಿಬಂತು. ನೋವಿಗೆ ಅಂತ ಎಲ್ಲರೂ ಅಂದುಕೊಂಡರು. ಮೂಟೆಯೊಳಗೆ ಅವನ ಕೈ ಮಾತ್ರ ನಿಜವಾಗಿಯೂ ಬೆವೆತು ಹೋಯಿತು. ಒಳಗೆ ಬಾ, ಒಂದು ಮಾತು ಹೇಳಬೇಕು ಎಂದು ಎರಡು ಸಲ ಪಿಸುಗುಟ್ಟಿದ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಕಣ್ಣೊರೆಸಿಕೊಂಡು ಮೇಡಂ ಕಡೆ ತಿರುಗಿ, ಕೊನೆ ಮೂರು ದಿನ ಬಂದವಳು ತಾನೇ, ಪರೀಕ್ಷೆ ತಾನೇ ಕೊಡುತ್ತೇನೆ, ಮೊದಲ ಅರ್ಧವನ್ನು ಮನೆಯವರು ಬಾಯಲ್ಲಿ ಹೇಳಲಿ ಎಂದಳು.

ಉಷಾರಾಣಿ ಕೈಯಲ್ಲಿದ್ದ ನಿಯಮದ ಹಾಳೆ ತಿರುವಿ ನೋಡಿದರು. “ಮಾಡೋ ಕೈ ಒಬ್ಬರದೇ ಇರಬೇಕು ಅಂತ ನಿಯಮ ಇದೆ. ಬಾಯಿ ಬಗ್ಗೆ ಏನೂ ಹೇಳಿಲ್ಲ. ಶುರು ಮಾಡಿ,” ಎಂದರು.

ಮಮತಾ ಕೈ ತೊಳೆದು ಮಷೀನಿನ ಮುಂದೆ ನಿಂತಳು. ಕೆಂಚೇಶ ಅವಳ ಹೆಗಲ ಹಿಂದೆ ನಿಂತ. ಬೀಜ ಇಷ್ಟು, ಪುಡಿ ಹೀಗೆ, ಬೆರಳಲ್ಲಿ ಮೇಲೆ ಸಮ ಮಾಡು, ಮಣಿಕಟ್ಟು ಬಾಗಿಸಬೇಡ, ಭಾರ ಬಿಟ್ಟು ಒತ್ತು. ಅವನು ಹೇಳುವುದಕ್ಕೂ ಅವಳು ಮಾಡುವುದಕ್ಕೂ ನಡುವೆ ಉಸಿರಿನಷ್ಟೂ ಜಾಗವಿರಲಿಲ್ಲ. ಡಿಕಾಕ್ಷನ್ ಜೇನಿನ ಎಳೆಯ ಹಾಗೆ ಇಳಿಯಿತು. ಅಲ್ಲಿಗೆ ಅವನ ಅರ್ಧ ಮುಗಿಯಿತು.

ಮುಂದೆ ಅವಳದು. ಬೆಳಿಗ್ಗೆ ಕಿರುಚಾಡಿದ್ದ ಅದೇ ಕೊಳವೆ ಅವಳ ಕೈಯಲ್ಲಿ ಅಕ್ಕಿ ಕೇರುವ ಹಾಗೆ ಮೆತ್ತಗೆ ಸದ್ದು ಮಾಡಿತು. ಜಗ್ಗಿಗೆ ಅಂಗೈ ತಾಗಿಸಿ ಬಿಸಿ ನೋಡಿದಳು, ಮೇಜಿಗೆ ಒಂದು ಸಲ ಕುಟ್ಟಿದಳು, ಕಪ್ಪನ್ನು ಓರೆ ಹಿಡಿದು ಸುರಿದಳು. ಕೊನೆಯಲ್ಲಿ ಮಣಿಕಟ್ಟು ಒಂದು ಸಲ ಅಲುಗಿತು, ಅಷ್ಟೇ. ಕಂದು ಕಾಫಿಯ ನಡುವೆ ಬೆಳ್ಳನೆಯ ಹೃದಯವೊಂದು ತೇಲಿ ಬಂದು ನಿಂತಿತು. ಅಂದು ರಾತ್ರಿ ತನ್ನನ್ನು ಎಬ್ಬಿಸಿದ್ದು ಇದನ್ನು ತೋರಿಸಲಿಕ್ಕೆ ಎಂಬುದು ಕೆಂಚೇಶನಿಗೆ ಈಗ ಹೊಳೆಯಿತು. ತಾನು ಮಗ್ಗುಲು ಬದಲಿಸಿದ್ದೂ ನೆನಪಾಗಿ ನಾಚಿಕೆಯಾಯಿತು.

ಮೇಡಂ ಕಾಫಿಯನ್ನು ಪೂರ್ತಿ ಕುಡಿದರು. ಸಾವಂತ್ರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಓಂಕಾರಪ್ಪ, ಇದೆಲ್ಲ ತನ್ನ ಐಡಿಯಾ ಎಂದು ಪಕ್ಕದವನಿಗೆ ಹೇಳಲು ಶುರು ಮಾಡಿದ. ಕೆಂಚೇಶ ಮೆಲ್ಲಗೆ ಪರದೆಯ ಕಡೆ ಸರಿಯುತ್ತಿದ್ದ. ಒಳಗೆ ಹೋಗಿ ಬ್ಯಾಂಡೇಜು ಕಿತ್ತೆಸೆದು, ಎಲ್ಲ ಹೇಳಿ, ಕಾಲಿಗೆ ಬೇಕಾದರೂ ಬೀಳುವುದೆಂದು ಅವನು ತೀರ್ಮಾನಿಸಿಯಾಗಿತ್ತು.

“ಇನ್ನೊಂದೇ ಉಳಿದಿದೆ,” ಎಂದರು ಉಷಾರಾಣಿ. “ಸುಟ್ಟ ಗಾಯಕ್ಕೆ ಪ್ರಥಮ ಚಿಕಿತ್ಸೆ. ಗೊಂಬೆಯ ಕೈ ತಂದಿದ್ದೆ, ಆದರೆ ಇಲ್ಲೇ ನಿಜವಾದ ಗಾಯ ಇದೆಯಲ್ಲ. ಆ ಬ್ಯಾಂಡೇಜು ಸರಿಯಾಗಿ ಕಟ್ಟಿಲ್ಲ. ಬಿಚ್ಚಿ, ನೀರು ಹಿಡಿದು, ಸರಿಯಾಗಿ ಕಟ್ಟಿ ತೋರಿಸಿ.”

ಬೇಡ, ಬಿಚ್ಚಿದರೆ ಉರಿಯುತ್ತದೆ ಎಂದು ಕೆಂಚೇಶ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಮಮತಾ ಬಿಡಲಿಲ್ಲ. ಚಿಕ್ಕ ಮಕ್ಕಳನ್ನು ರಮಿಸುವ ಹಾಗೆ ರಮಿಸಿ ಕುರ್ಚಿಯಲ್ಲಿ ಕೂರಿಸಿದಳು. ಒಂದೊಂದು ಸುತ್ತು ಬಿಚ್ಚಿದಾಗಲೂ ಉಫ್ ಉಫ್ ಎಂದು ಗಾಳಿ ಊದಿದಳು.

“ನೋಯ್ತೈತಾ?” ಎಂದು ಮೆತ್ತಗೆ ಕೇಳಿದಳು.

“ಹೂಂ,” ಅಂದ ಕೆಂಚೇಶ. ಅದು ಸುಳ್ಳಲ್ಲ. ನೋಯುತ್ತಿದ್ದ ಜಾಗ ಮಾತ್ರ ಬೇರೆ.

ನೆಲದ ಮೇಲೆ ಲೈನಿಂಗ್ ಬಟ್ಟೆ ಗುಡ್ಡೆ ಬಿತ್ತು. ಕೊನೆಯ ಸುತ್ತು ಸರಿದು ಕೈ ಹೊರಗೆ ಬಂತು. ಬೆವರಿಗೆ ನೆನೆದು, ಮದುವಣಿಗನ ಕೈಯ ಹಾಗೆ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ. ಅಂಗಡಿಯಲ್ಲಿ ಫ್ಯಾನಿನಿಂದ ಹಾಲು ತೊಟ್ಟಿಕ್ಕುವುದೊಂದೇ ಸದ್ದು.

ಮಮತಾ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಗಂಡನ ಮುಖ ನೋಡಿದಳು. ಎದ್ದು, ಆ ಕೈಯನ್ನು ಹಿಡಿದುಕೊಂಡೇ ನಲ್ಲಿಯ ಹತ್ತಿರ ಹೋಗಿ, ನೀರು ಬಿಟ್ಟು ಅದರ ಕೆಳಗೆ ಹಿಡಿದಳು. ಪರೀಕ್ಷೆ ಪರೀಕ್ಷೆಯೇ. ಟ್ರೈನಿಂಗಿನಲ್ಲಿ ಹೇಳಿಕೊಟ್ಟಷ್ಟು ಹೊತ್ತೂ ಹಿಡಿದೇ ಇದ್ದಳು. ನಲ್ಲಿ ನೀರು ಬರುವುದೇ ಅಪರೂಪದ ಊರಿನಲ್ಲಿ ಏನೂ ಆಗದ ಕೈಗೆ ಇಷ್ಟು ನೀರೇ ಎಂದು ಓಂಕಾರಪ್ಪ ಗೊಣಗಿ, ಕೆಳಗೊಂದು ಬಕೆಟ್ಟು ತಂದಿಟ್ಟ.

ಆ ನೀರಿನ ಸದ್ದಿನಲ್ಲಿ ಕೆಂಚೇಶನ ನಾಲಿಗೆ ಅಂತೂ ಇಂತೂ ತಿರುಗಿತು. “ತಪ್ಪಾತು ಮಮತಾ. ಕೈದಲ್ಲ, ಮೊನ್ನೆ ಅಂದಿದ್ದು. ಹಾಲು ಕಾಯಿಸಾಕೆ ನಂಗೆ ಬರಲ್ಲ. ನೀನು ಮಾಡಿದ್ದು ಹಾಲು ಕಾಯಿಸೋದೂ ಅಲ್ಲ. ಅದಕ್ಕೆ ಹೆಸರೇ ಬ್ಯಾರೆ ಐತೆ.”

ಅವಳು ನೀರನ್ನೇ ನೋಡುತ್ತಿದ್ದಳು. ಅವನ ಕೈ ಹಿಡಿದಿದ್ದ ಬೆರಳುಗಳು ಸ್ವಲ್ಪ ಬಿಗಿಯಾದವೋ ಏನೋ, ಅವನಿಗೆ ಹಾಗನ್ನಿಸಿತು. ಆಮೇಲೆ ಮೆತ್ತಗೆ ಒರೆಸಿ, ಮೇಡಂ ಕೊಟ್ಟ ಹೊಸ ಬಟ್ಟೆಯನ್ನು ಸುತ್ತಿ, ಅಚ್ಚುಕಟ್ಟಾಗಿ, ಓಂಕಾರಪ್ಪ ಕಟ್ಟಿದ್ದಕ್ಕಿಂತ ಗಟ್ಟಿಯಾಗಿ ಗಂಟು ಹಾಕಿದಳು.

ಉಷಾರಾಣಿ ತುಟಿ ಕಚ್ಚಿಕೊಂಡು ಪೂರ್ತಿ ಅಂಕ ಕೊಟ್ಟರು. ಸರ್ಟಿಫಿಕೇಟು ಮಮತಾಳ ಹೆಸರಿಗೆ ಬರುತ್ತದೆ, ನಾಳೆಯೇ ಅಂಗಡಿ ತೆಗೆಯಬಹುದು ಎಂದರು. ಕೆಂಚೇಶ ಇನ್ನೇನು ಕುಣಿಯಬೇಕು, ಅಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತು ತಿರುಗಿದರು. ಅಂಗಡಿ ಇರುವುದು ಕೆಂಚೇಶನ ಹೆಸರಿನಲ್ಲಿ. ಹೀಗಾಗಿ ಅವನೂ ತಿಂಗಳೊಳಗೆ ಸರ್ಟಿಫಿಕೇಟು ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ಮಷೀನು ಮುಟ್ಟುವ ಹಾಗಿಲ್ಲ, ಕಪ್ಪು ಬೇಕಾದರೆ ತೊಳೆಯಬಹುದು. ದಾವಣಗೆರೆಗೆ ಬಂದರೆ ಮತ್ತೆ ಪೂರ್ತಿ ಮೂವತ್ತೈದು ಸಾವಿರ. ಆದರೆ ಅದಕ್ಕೊಂದು ಪುಕ್ಕಟೆ ದಾರಿಯೂ ಇತ್ತು.

“ಸರ್ಟಿಫಿಕೇಟ್ ಇರೋರು ತಮ್ಮ ಅಂಗಡಿಯಲ್ಲೇ ಒಬ್ಬರಿಗೆ ಕಲಿಸಬಹುದು. ನಿಮ್ಮ ಮನೆಯವರೇ ಹೇಳಿಕೊಡ್ತಾರೆ ಬಿಡಿ,” ಎಂದು ನಕ್ಕು ಬಸ್ ಸ್ಟ್ಯಾಂಡಿನ ಕಡೆ ಹೋದರು.

ಕೆಂಚೇಶ ಆಸೆಯಿಂದ ಹೆಂಡತಿಯ ಕಡೆ ನೋಡಿದ. ಮಮತಾ ಮಷೀನು ಒರೆಸುತ್ತಿದ್ದಳು. ಉಳಿದಿದ್ದ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಒಂದು ಕಾಫಿ ಮಾಡಿದಳು. ಎರಡು ಲೋಟ ತೆಗೆದು ಅದನ್ನು ಬೈಟು ಮಾಡಿದಳು. ಒಂದರಲ್ಲಿ ಒಂದು ಗುಟುಕು ಹೆಚ್ಚಿಗೆ ಬಿತ್ತು. ಆ ಲೋಟವನ್ನು ಅವನ ಕಡೆ ಸರಿಸಿದಳು. ಆಮೇಲೆ ಅವನ ಮುಖ ನೋಡದೆ, ಹೊಲಿಗೆ ಬಿಟ್ಟು ಬಂದು ಸ್ಟೂಲಿನ ಮೇಲೆ ಹಾಯಾಗಿ ಕೂತಿದ್ದ ಸಾವಂತ್ರಮ್ಮನ ಕಡೆ ತಿರುಗಿದಳು.

“ಸಾವಂತ್ರಕ್ಕ, ಅವರಿಗೆ ಹೇಳ್ರಿ. ನಾಳೆಯಿಂದ ಪಾಠ ಶುರು ಅಂತ. ಹಬೆ ಹತ್ರ ಮಾತ್ರ ಕೈ ಇಡಬ್ಯಾಡ್ರಿ ಅನ್ರಿ. ಅದು ನಿಜವಾಗ್ಲೂ ಸುಡ್ತೈತೆ.”